ಕಾಂತರಾಜನ ಕಾಗದದ ಕಲ್ಲು

ಕಾಂತರಾಜನಿಗೆ ಕಲ್ಲನ್ನು ಕಂಡರೆ ಆಗುತ್ತಿರಲಿಲ್ಲ. ಅದನ್ನು ನೆಲದಿಂದ ಎಬ್ಬಿಸಿ, ಲಾರಿಗೆ ಹೇರಿ, ಉಳಿ ಹಿಡಿದು ಬಡಿದು, ಕೊನೆಗೆ ಮನೆಯ ಮುಂದೆ ಓರೆಕೋರೆಯಾಗಿ ಹಾಸಿ, ಅದರ ಮೇಲೇ ಎಡವಿ ಬೀಳುವವರನ್ನು ಅವನು ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅವನ ಪ್ರಕಾರ ಗ್ರಾನೈಟ್ ಹಾಕಿಸುವವರು ಹಣವಿರುವ ದಡ್ಡರು. ಟೈಲ್ಸ್ ಹಾಕಿಸುವವರು ಹಣವಿಲ್ಲದ ದಡ್ಡರು. ಅಜ್ಜನ ಕಾಲದ ಕೆಂಪು ಗಾರೆಯೇ ಚೆಂದವಿತ್ತು ಎನ್ನುವವರು ಬರೀ ದಡ್ಡರು. ಹಸಿ ಕಾಂಕ್ರೀಟಿನ ಮೇಲೆ ಕೊರೆದ ಕಾಗದವನ್ನು ಹಾಸಿ, ಬಣ್ಣದ ಪುಡಿ ಎರಚಿ, ಒಂದೇ ಬೆಳಗಿನಲ್ಲಿ ಇಟ್ಟಿಗೆಯನ್ನೋ ಕಲ್ಲುಚಪ್ಪಡಿಯನ್ನೋ ಮೂಡಿಸಬಲ್ಲ ಮನುಷ್ಯನೊಬ್ಬ ಭದ್ರಾವತಿಯ ಕಾಗದನಗರದ ಹಳೆಯ ಕ್ವಾರ್ಟರ್ಸಿನಲ್ಲಿದ್ದಾನೆ ಎಂಬುದು ಜಿಲ್ಲೆಗೆ ಇನ್ನೂ ತಿಳಿದಿರಲಿಲ್ಲ. ಅದು ಜಿಲ್ಲೆಯ ತಪ್ಪು.

ಸಿವಿಲ್ ಡಿಪ್ಲೊಮಾ ಮುಗಿಸಿ ಹಲವು ಕಂಟ್ರಾಕ್ಟರುಗಳ ಕೈಕೆಳಗೆ ದುಡಿದಿದ್ದ ಅವನು, ಒಬ್ಬೊಬ್ಬರಲ್ಲೂ ಒಂದೊಂದು ಮೂರ್ಖತನವನ್ನು ಪತ್ತೆಹಚ್ಚಿ ಬಿಟ್ಟುಬಂದಿದ್ದ. ಆಮೇಲೆ ಕೊಯಮತ್ತೂರಿಗೆ ಹೋಗಿ ಒಂದು ವಾರ ಈ ಅಚ್ಚುಕಾಗದದ ಕೆಲಸ ಕಲಿತ. ಅಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದ, ಮನೆದೇವರ ಪಟಕ್ಕಿಂತ ಬೆರಳಷ್ಟು ಮೇಲೆ.

ಕೈ ಕೆಟ್ಟದ್ದಲ್ಲ. ಅವನಿಗಿದ್ದ ತೊಂದರೆ ಬಾಯಿಯದು. ಗಿರಾಕಿಗೆ ವಿವರಿಸುವುದು ತನ್ನ ಮಟ್ಟಕ್ಕೆ ತಕ್ಕುದಲ್ಲವೆಂದು ಅವನು ಬಹಳ ಹಿಂದೆಯೇ ತೀರ್ಮಾನಿಸಿದ್ದ. “ಇದು ಮಳೇಲಿ ತೊಳ್ಕೊಂಡ್ ಹೋಗಲ್ವಾ?” ಎಂದು ಯಾರಾದರೂ ಕೇಳಿದರೆ, ಕೇಳಿದವರ ನೆತ್ತಿಯ ಮೇಲಿನ ಗಾಳಿಯನ್ನು ನೋಡುತ್ತ ನಿಲ್ಲುತ್ತಿದ್ದ. ಅವರು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಿದ್ದರು.

ಹೆಂಡತಿ ಮೈತ್ರಿ ಶಿಶುವಿಹಾರದಲ್ಲಿ ಪಾಠ ಹೇಳುವವಳು. ಹೇಳಿದ್ದನ್ನೇ ಹತ್ತು ಸಲ ಹೇಳುವ ಅಭ್ಯಾಸ ಅವಳ ಹೊಟ್ಟೆಪಾಡು. ಅವಳ ಅಣ್ಣ ಆನಂದನಿಗೆ ಭದ್ರಾವತಿಯಲ್ಲಿ ಟೈಲ್ಸ್ ಮತ್ತು ಬಚ್ಚಲುಮನೆ ಸಾಮಾನಿನ ಅಂಗಡಿ. ಬಂದವರಿಗೆಲ್ಲ ನಗುನಗುತ್ತ ನಲ್ಲಿ ತಿರುಗಿಸಿ ತೋರಿಸುವ ಆ ಮನುಷ್ಯನನ್ನು ನೆನೆದರೆ ಕಾಂತರಾಜನಿಗೆ ಬಾಯಿ ಕಹಿಯಾಗುತ್ತಿತ್ತು. ಆ ಅಂಗಡಿಯಲ್ಲೇ ಅವನಿಗಾಗಿ ಒಂದು ಕುರ್ಚಿ ಕಾದಿತ್ತು.

ಶಿವಮೊಗ್ಗದ ಅಡಿಕೆ ಮಂಡಿಯ ಪರಮೇಶ್ವರಪ್ಪ ರಾಗಿಗುಡ್ಡದಾಚೆ ಕಟ್ಟಿಸಿದ ಹೊಸ ಮನೆಯ ಅಂಗಳದ ಕೆಲಸ ಸಿಕ್ಕಿದಾಗ ಮೈತ್ರಿ ತಟ್ಟೆಗೆ ಅನ್ನ ಬಡಿಸುತ್ತ ಹೇಳಿದಳು: “ಇದೊಂದ್ ಚೆನ್ನಾಗ್ ಆದ್ರೆ ನಾನು ಬಾಯಿ ಎತ್ತಲ್ಲ. ಕೆಟ್ಟರೆ ಸೋಮವಾರದಿಂದ ಅಣ್ಣನ ಅಂಗಡಿ. ಆಯ್ತಾ?”

“ಕಮೋಡ್ ಮಾರೋಕಾ ನಾನ್ ಹುಟ್ಟಿರೋದು?”

“ಯಾತಕ್ಕೆ ಹುಟ್ಟಿದೀರಿ ಅನ್ನೋದು ಈ ಅಂಗಳದಲ್ಲಿ ಗೊತ್ತಾಗತ್ತೆ ಬಿಡಿ.”

ಪರಮೇಶ್ವರಪ್ಪನ ಆಸೆ ಸರಳವಾಗಿತ್ತು. “ಹಳೇ ಕೋಟೆ ಕಲ್ಲಿನ ತರ ಕಾಣ್ಬೇಕು ನೋಡಪ್ಪ. ಆದ್ರೆ ಹೊಸದಾಗಿರಬೇಕು.” ಈ ಮಾತಿನಲ್ಲಿ ಅಡಗಿದ್ದ ಅವಿವೇಕವನ್ನು ಕಾಂತರಾಜ ಬಸ್ಸಿನಲ್ಲಿ ಭದ್ರಾವತಿ ತಲುಪುವವರೆಗೂ ಮೆಲುಕು ಹಾಕಿ ಸುಖಪಟ್ಟ.

ಒಳ್ಳೆಯ ದಿನವೆಂದು ಮನೆಯವರೇ ಶುಕ್ರವಾರವನ್ನು ಆರಿಸಿದರು. ಏಪ್ರಿಲ್ ತಿಂಗಳು. ಬಿಸಿಲೇರುವ ಮೊದಲೇ ಕಾಂಕ್ರೀಟ್ ಸುರಿದು ಮಟ್ಟಮಾಡಿದ್ದಾಯಿತು. ಮೇಲೆ ಬಂದ ನೀರು ಇಂಗಿದ ಕೂಡಲೇ ಕಾಂತರಾಜ ಸಹಾಯಕ ಹೂವಪ್ಪನ ಜೊತೆ ಅಚ್ಚುಕಾಗದದ ಸುರುಳಿಯನ್ನು ಬಿಚ್ಚಿ, ಗೇಟಿನಿಂದ ಹೊಸ್ತಿಲವರೆಗೂ ಸುಕ್ಕಿಲ್ಲದಂತೆ ಹಾಸಿ ಒತ್ತಿದ. ಬೂದುಗಪ್ಪು ಪುಡಿಯನ್ನು ಬೀಜ ಚೆಲ್ಲುವವನ ಹದದಲ್ಲಿ ಎರಚಿ ಕರಣೆ ಎಳೆದ. ಕಾಗದದ ಪಟ್ಟಿ ಮುಚ್ಚಿದ ಕಡೆ ಬಣ್ಣ ಹಿಡಿಯುವುದಿಲ್ಲ; ಪಟ್ಟಿಯನ್ನು ಎತ್ತಿದಾಗ ಅಲ್ಲಿ ಸಿಮೆಂಟಿನ ಬಿಳಿಗೆರೆ ಉಳಿದು, ಕಲ್ಲಿಗೂ ಕಲ್ಲಿಗೂ ನಡುವಿನ ಸಂದಿಯಂತೆ ಕಾಣುತ್ತದೆ. ಎಲ್ಲವೂ ನಿಂತಿರುವುದು ಅದನ್ನು ಎತ್ತುವ ಹೊತ್ತಿನ ಮೇಲೆ. ಬೇಗ ಎತ್ತಿದರೆ ಅಂಚು ಕಲಸಿಹೋಗುತ್ತದೆ. ತಡವಾದರೆ ಕಾಂಕ್ರೀಟು ಕಾಗದವನ್ನು ಕಚ್ಚಿಕೊಳ್ಳುತ್ತದೆ.

ಹೊತ್ತು ಬಂತು. ಕಾಂತರಾಜ ಬೆರಳಿನಿಂದ ಒತ್ತಿ ನೋಡಿ, ಬಗ್ಗಿ, ಒಂದು ಮೂಲೆಯನ್ನು ಹಿಡಿದ.

“ಏಯ್, ಏಯ್! ಏನ್ ಕೀಳ್ತಿದೀರಿ?” ಪರಮೇಶ್ವರಪ್ಪನ ಹೆಂಡತಿ ದಾಕ್ಷಾಯಣಮ್ಮ ಕಿಟಕಿಯಿಂದ ಕೂಗಿದರು.

“ಕಾಗದ.”

“ಈಗ್ಲಾ? ಹತ್ತೂವರೆ ಆಯ್ತು, ರಾಹುಕಾಲ ಹಿಡೀತು ಮಾರಾಯ್ರೇ! ಶುಕ್ರವಾರದ ದಿನ ಹೊಸ್ತಿಲ ಮುಂದಿಂದ ಏನನ್ನಾದ್ರೂ ಕೀಳ್ತಾರಾ ಯಾರಾದ್ರೂ? ರೀ, ಹೇಳ್ರೀ ಇವರಿಗೆ!”

ಪರಮೇಶ್ವರಪ್ಪ ಪಕ್ಕದ ಬಾಗಿಲಿನಿಂದ ಫೋನು ಹಿಡಿದೇ ಬಂದರು. “ಹನ್ನೆರಡಕ್ಕೆ ಬಿಡತ್ತಲ್ಲ, ಆಮೇಲ್ ತೆಗೀರಪ್ಪ. ಅಲ್ಲೀವರೆಗೆ ಕಾಫಿ ಕುಡೀರಿ. ಬಿಟ್ರೆ ಏನೂ ತೊಂದ್ರೆ ಇಲ್ವಲ್ಲ?”

ನೇರವಾದ ಪ್ರಶ್ನೆ. ‘ಅಂಟಿಕೊಳ್ಳುತ್ತದೆ’ ಎಂಬ ಒಂದೇ ಮಾತು ಸಾಕಿತ್ತು. ಹೂವಪ್ಪ ಬಾಯಿ ತೆರೆಯಲು ಹೋದ. ಕಾಂತರಾಜ ಅವನನ್ನು ಕಣ್ಣಿನಿಂದಲೇ ತಡೆದು, ಪರಮೇಶ್ವರಪ್ಪನ ನೆತ್ತಿಯ ಮೇಲಿನ ಗಾಳಿಗೆ ಉತ್ತರಿಸಿದ: “ನಿಮ್ಮಿಷ್ಟ.”

ಹೊರಗೆ ಪಕ್ಕದ ಸೈಟಿನ ಹೊಂಗೆ ಮರದ ಕೆಳಗೆ ಕುಳಿತು ಇಬ್ಬರೂ ಕಾಫಿ ಕುಡಿದರು.

“ಹೇಳ್ಬಿಡಣ ಸಾರ್. ಬಿಸ್ಲು ನೋಡಿ, ಹಪ್ಪಳ ಆಗ್ತಿದೆ ಅಂಗಳ.”

“ಯಾರಿಗೆ ಹೇಳ್ತೀಯ? ಗೋಡೆಗಾ? ಸಿಮೆಂಟಿಗೂ ರಾಹುವಿಗೂ ಗಂಟು ಹಾಕೋರಿಗೆ ನಾನು ಪಾಠ ಮಾಡ್ಬೇಕಾ?”

“ಪಾಠ ಬ್ಯಾಡ ಸಾರ್. ಅಂಟ್ಕಳತ್ತೆ ಅಂದ್ರಾಯ್ತು.”

“ನನ್ ಕೈ ಗೊತ್ತಿಲ್ಲ ನಿಂಗೆ. ಕೊಯಮತ್ತೂರಲ್ಲಿ ಎರಡು ಗಂಟೆ ಬಿಟ್ಟು ತೆಗ್ದಿದೀನಿ.”

ಅದು ನಿಜವೇ. ಆದರೆ ಕೊಯಮತ್ತೂರಿನಲ್ಲಿ ಆ ದಿನ ಮೋಡವಿತ್ತು, ತಲೆಯ ಮೇಲೆ ತಗಡಿನ ಸೂರಿತ್ತು. ಇಲ್ಲಿ ಅವನು ನೆರಳಿನಲ್ಲಿ ಕುಳಿತಿದ್ದ, ಕಾಂಕ್ರೀಟು ಬಿಸಿಲಿನಲ್ಲಿತ್ತು. ಮರದ ಕೆಳಗೆ ಅವನ ಮನಸ್ಸು ಅಪೂರ್ವವಾದ ನೆಮ್ಮದಿಯಲ್ಲಿತ್ತು. ಕಾಂಪೌಂಡಿನ ಆಚೆ ಇಡೀ ಮನೆತನವೊಂದು ತನ್ನ ಅಜ್ಞಾನವನ್ನು ತಾನಾಗಿಯೇ ಬಯಲು ಮಾಡಿಕೊಂಡಿತ್ತು. ಅದನ್ನು ತಿದ್ದಿದರೆ ಆ ಸುಖ ಹೋಗುತ್ತಿತ್ತು. ಮಂಡಿಯಲ್ಲಿ ಅಡಿಕೆಯ ಬಣ್ಣ ನೋಡಿ ದರ ಹೇಳುವವರು ಇಷ್ಟೇ ತಾನೆ ಎಂದುಕೊಂಡ. ಸೋಮವಾರದ ಕುರ್ಚಿ ಒಂದೆರಡು ಸಲ ಕಣ್ಣ ಮುಂದೆ ಬಂತು. ತನ್ನ ಕೈಯ ಮೇಲಿನ ನಂಬಿಕೆಯಿಂದ ಅದನ್ನು ಆಚೆ ತಳ್ಳಿದ.

ಹನ್ನೆರಡಾಯಿತು. ದಾಕ್ಷಾಯಣಮ್ಮ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, “ಈಗ ತೆಗೀರಿ” ಎಂದು ಅಪ್ಪಣೆ ಕೊಟ್ಟರು.

ಕಾಂತರಾಜ ಮೂಲೆ ಹಿಡಿದು ಎಳೆದ. ಬೆರಳಿನಲ್ಲಿ ಹೆಬ್ಬೆಟ್ಟಿನಷ್ಟು ಕಾಗದ ಬಂತು. ಇನ್ನೊಂದು ಕಡೆ ಎಳೆದ. ಪಟ್ಟಿ ಪದರುಪದರಾಗಿ ಹರಿದು, ಅರ್ಧ ಕೈಗೂ ಅರ್ಧ ನೆಲಕ್ಕೂ ಪಾಲಾಯಿತು. ಕರಣೆಯ ತುದಿಯಿಂದ ಕೆದಕಿದಾಗ ಕಾಗದದ ಜೊತೆ ಕಲ್ಲಿನ ಅಂಚೂ ಚಕ್ಕೆಯಾಗಿ ಎದ್ದಿತು. ಹೂವಪ್ಪ ನೀರು ಚಿಮುಕಿಸಿದ. ಬೂದುಗಪ್ಪು ಕರಗಿ ಕಾಲುವೆಯಾಗಿ ಗೇಟಿನ ಕಡೆಗೆ ಹರಿಯಿತು. ಇಬ್ಬರೂ ಮಂಡಿಯೂರಿ ಕೆರೆಯುತ್ತ ಹೋದಂತೆ ಹಳೇ ಕೋಟೆ ಕಾಣಿಸಲಿಲ್ಲ. ಮಳೆಗೆ ನೆನೆದು ಹರಿದ ಗೋಡೆ ಪೋಸ್ಟರೊಂದನ್ನು ಯಾರೋ ನೆಲಕ್ಕೆ ಅಂಟಿಸಿದಂತೆ ಕಂಡಿತು.

ಪರಮೇಶ್ವರಪ್ಪ ಬಗ್ಗಿ ಒಂದು ಚಕ್ಕೆಯನ್ನು ಎತ್ತಿ ನೋಡಿದರು. ಕೋಪಿಸಿಕೊಳ್ಳಲಿಲ್ಲ, ಅದು ಇನ್ನೂ ಕೆಟ್ಟದ್ದಾಗಿತ್ತು.

“ತಡ ಆದ್ರೆ ಹಿಂಗಾಗತ್ತೆ ಅಂತ ಗೊತ್ತಿತ್ತಾ ನಿಂಗೆ?”

“ಗೊತ್ತಿಲ್ದೆ ಇರತ್ತಾ?”

“ಮತ್ತೆ ಹೇಳ್ಬಾರ್ದಾಗಿತ್ತಾ ಮಾರಾಯ? ಕೇಳಿದ್ನಲ್ಲ ನಾನು. ಬೆಳಗ್ಗೇನೇ ಹೇಳಿದ್ರೆ ರಾಹುಕಾಲ ಕಳೆದ್ಮೇಲೇ ಕಾಂಕ್ರೀಟ್ ಸುರೀಬಹುದಿತ್ತು. ಯಾವನು ಬೇಡ ಅಂತಿದ್ದ?”

ಅಷ್ಟು ಸರಳವಾದ ದಾರಿ ಈ ದಡ್ಡನಿಗೆ ಹೊಳೆಯಬಹುದೆಂದು ಕಾಂತರಾಜ ಎಣಿಸಿಯೇ ಇರಲಿಲ್ಲ.

“ಪುಣ್ಯ ಕಣ್ರೀ,” ಎಂದರು ದಾಕ್ಷಾಯಣಮ್ಮ ಬಾಗಿಲಲ್ಲೇ ನಿಂತು. “ರಾಹುಕಾಲ ಕಳೀಲಿ ಅಂತ ಬಿಟ್ವಿ, ಅದಕ್ಕೇ ಇಷ್ಟರಲ್ಲಿ ಹೋಯ್ತು. ಇಲ್ದಿದ್ರೆ ಏನೇನ್ ಆಗ್ತಿತ್ತೋ!”

ಪರಮೇಶ್ವರಪ್ಪ ಹೂವಪ್ಪನ ಕಡೆಗೆ ತಿರುಗಿ, ಇದರ ಮೇಲೆ ಟೈಲ್ಸ್ ಕೂರುತ್ತದೆಯೇ ಎಂದು ವಿಚಾರಿಸತೊಡಗಿದರು. ಹೂವಪ್ಪ ಸಂತೋಷದಿಂದ, ಕೈಬಾಯಿ ಎಲ್ಲ ಬಳಸಿ, ವಿವರಿಸಿದ.

ಸೋಮವಾರ ಕಾಂತರಾಜ ಆನಂದನ ಅಂಗಡಿಯ ಕುರ್ಚಿಯಲ್ಲಿ ಕುಳಿತ. ಮೈತ್ರಿ ಗೆದ್ದೆನೆನ್ನಲಿಲ್ಲ, ಬುತ್ತಿ ಕಟ್ಟಿಕೊಟ್ಟಿದ್ದಳು. ಇಟ್ಟಿಗೆಯ ಚಿತ್ರ ಅಚ್ಚಾದ ಟೈಲ್ಸು, ಮರದ ಚಿತ್ರ ಅಚ್ಚಾದ ಟೈಲ್ಸು ಗೋಡೆಯುದ್ದಕ್ಕೂ ನಿಂತಿದ್ದವು. ಅವುಗಳಿಗೆ ಬೆನ್ನು ತಿರುಗಿಸಿ ಕುಳಿತಿದ್ದ.

ಮಧ್ಯಾಹ್ನ ನಡುವಯಸ್ಸಿನ ಹೆಂಗಸೊಬ್ಬಳು ಬಂದು ಗೋಡೆಯ ಟೈಲ್ಸೊಂದನ್ನು ಎತ್ತಿ ಕೇಳಿದಳು: “ಇದನ್ನ ಹಾಕೋಕ್ ಮುಂಚೆ ನೀರಲ್ ನೆನೆಸ್ಬೇಕಾ ಅಣ್ಣ? ನಮ್ ಮೇಸ್ತ್ರಿ ಬೇಡ ಅಂತಾನೆ.”

ನೆನೆಸಬೇಕು. ನೆನೆಸದಿದ್ದರೆ ವರ್ಷದೊಳಗೆ ಉದುರುತ್ತದೆ. ಕಾಂತರಾಜನಿಗೆ ಅದು ನಿದ್ದೆಯಲ್ಲಿ ಕೇಳಿದರೂ ಗೊತ್ತಿತ್ತು. ಅವನು ಅವಳನ್ನು ನೋಡಿದ, ಅವಳ ಕೈಯಲ್ಲಿದ್ದ ಗುಲಾಬಿ ಹೂವಿನ ಟೈಲ್ಸನ್ನು ನೋಡಿದ, ಇಂಥದನ್ನು ಆರಿಸಿಕೊಳ್ಳುವವರ ಗೋಡೆ ನಿಂತರೆಷ್ಟು ಬಿದ್ದರೆಷ್ಟು ಎಂದುಕೊಂಡ.

“ನಿಮ್ಮಿಷ್ಟ,” ಎಂದ.

ಒಳಗಿನಿಂದ ಆನಂದ ಕೈ ಒರೆಸಿಕೊಳ್ಳುತ್ತ ಓಡಿಬಂದ. “ನೆನೆಸ್ಲೇಬೇಕು ತಾಯಿ, ಬನ್ನಿ ಇಲ್ಲಿ, ಯಾಕೆ ಅಂತ ತೋರಿಸ್ತೀನಿ” ಎಂದು ಬಕೆಟ್ಟಿಗೆ ನೀರು ತುಂಬಿಸಿದ. ಟೈಲ್ಸಿನ ಹಿಂಬದಿಯಿಂದ ಎದ್ದ ಗುಳ್ಳೆಗಳನ್ನು ಇಬ್ಬರೂ ಬಗ್ಗಿ ನೋಡತೊಡಗಿದರು. ಕಾಂತರಾಜ ಮುಖ ತಿರುಗಿಸಿಕೊಂಡು ರಸ್ತೆಯನ್ನು ನೋಡುತ್ತ ಕುಳಿತ.