ದೊಡ್ಡನಾರಾಯಣಪ್ಪನ ಎಲೆಪರೀಕ್ಷೆ

ಎಪ್ಪತ್ತರ ದಶಕದಲ್ಲಿ ಶ್ರೀನಿವಾಸಪುರ ಸೀಮೆಯ ಹಳೇ ಜೀಪು ಕೈ ಬದಲಾಯಿಸಬೇಕಾದರೆ ದೊಡ್ಡನಾರಾಯಣಪ್ಪ ಬಂದು ಎಲೆ ಇಡಬೇಕಿತ್ತು. ಮನುಷ್ಯ ಒಂದು ದಿನವೂ ಸ್ಪ್ಯಾನರ್ ಹಿಡಿದವನಲ್ಲ. ಆದರೂ ಅವನು ಕೆಮ್ಮಿದರೆ ಮುಳಬಾಗಿಲಿನಲ್ಲಿ ಕೆಟ್ಟು ನಿಂತ ಲಾರಿ ಸ್ಟಾರ್ಟ್ ಆಗುತ್ತದೆಂದು ಜನ ನಂಬಿದ್ದರು. ನಂಬದವರಿಗೆ ಅವನೇ ಹೇಳುತ್ತಿದ್ದ.

ಪರೀಕ್ಷೆಯೇನೋ ಸುಳ್ಳಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಹೊಗೆಯನ್ನು ಎಳೆದುಹಾಕಲು ಒಂದು ಕೊಳವೆಯಿದೆ. ಎಂಜಿನ್ ಓಡುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಮೇಲೊಂದು ವೀಳ್ಯದೆಲೆ ಇಟ್ಟರೆ, ಎಲ್ಲ ಸರಿಯಿದ್ದಾಗ ಅದು ಒಳಗಿನ ಸೆಳೆತಕ್ಕೆ ಅಂಟಿ ಕೂರುತ್ತದೆ. ಕೊಳವೆ ಕಟ್ಟಿದ್ದರೆ, ಇಲ್ಲವೆ ಎಂಜಿನ್ ಸವೆದಿದ್ದರೆ ಹಾರುತ್ತದೆ. ದೊಡ್ಡನಾರಾಯಣಪ್ಪನ ಎಲೆ ಮಾತ್ರ ಎಂದೂ ಹಾರಲಿಲ್ಲ. ಇಡುವ ಮುಂಚೆ ಅವನು ಅದರ ಬೆನ್ನಿಗೆ ಗೋಡೆಗೆ ಬಳಿದಂತೆ ಸುಣ್ಣ ಬಳಿಯುತ್ತಿದ್ದ. ಜನ ಅದನ್ನು ಶಾಸ್ತ್ರ ಎಂದುಕೊಂಡಿದ್ದರು. ಅದು ಎಲೆ ಅಂಟಿಸುವ ಗೋಂದೆಂದು ಮಾರುವವರಿಗೆ ಗೊತ್ತಿತ್ತು, ಅದಕ್ಕೇ ಅವನಿಗೆ ಕೋಳಿ ಕೊಯ್ಯುತ್ತಿದ್ದರು.

ಒಮ್ಮೆ ರಾಯಲ್ಪಾಡಿನ ಮಾವಿನ ವ್ಯಾಪಾರಿ ಸೊಣ್ಣಪ್ಪ ತನ್ನ ಜೀಪು ಮಾರಲು ನಿಂತ. ಆ ಜೀಪಿನ ಹೊಗೆ ಕಂಡು ಮೋಡ ಕವಿಯಿತೆಂದು ರಾಗಿ ಬಿತ್ತಿದವರುಂಟು. ಕೊಳ್ಳುವವನು ಟೊಮೇಟೊ ಬೆಳೆಯುವ ಮುನಿರಾಮಪ್ಪ. ಬದಲಿಗೆ ಕೊಡಲು ತನ್ನ ಜೋಡೆತ್ತು ಹೊಡೆದುಕೊಂಡು ಬಂದಿದ್ದ. ಹಗ್ಗ ಮಾತ್ರ ಹೆಂಡತಿ ಭಾರತಮ್ಮನ ಕೈಯಲ್ಲಿತ್ತು. ಕರುವಿನಿಂದ ಸಾಕಿದವಳು ಅವಳು.

ಕೋಳಿ ಊಟ ಮುಗಿಸಿದ ದೊಡ್ಡನಾರಾಯಣಪ್ಪ, ಗುಡುಗುತ್ತಿದ್ದ ಎಂಜಿನ್ನಿನ ಮೇಲೆ ಸುಣ್ಣದ ಎಲೆ ಇಟ್ಟ. ಅದು ಅಲುಗಲಿಲ್ಲ.

“ನೋಡಪ್ಪಾ ಮುನಿರಾಮಪ್ಪ, ಮಗು ಹಾಲು ಕುಡ್ದಂಗೆ ಎಳ್ಕೊಂತೈತೆ!”

“ಮಂಚಿ ಬಂಡಿ ಅಣ್ಣಾ,” ಎಂದು ಸೊಣ್ಣಪ್ಪ ಒಳ್ಳೇ ಗಾಡಿಯೆಂದು ತೆಲುಗಿನಲ್ಲಿ ಹೊಗಳಿ ಹಗ್ಗಕ್ಕೆ ಕೈಚಾಚಿದ.

ಭಾರತಮ್ಮ ಹಗ್ಗ ಬಿಡಲಿಲ್ಲ. “ಸುಣ್ಣ ಇಲ್ದೆ ಒಂದು ಇಡಣ್ಣೋ.”

“ಸುಣ್ಣ ಇಲ್ದೆ ಯಾರಮ್ಮ ಎಲೆ ಹಾಕ್ಕೊಂತಾರೆ?” ಎಂದ ದೊಡ್ಡನಾರಾಯಣಪ್ಪ.

“ಎಂಜಿನ್ ಏನ್ ಅಡಿಕೆ ಅಗಿತದಾ?”

ಸುತ್ತಲಿನವರು ನಕ್ಕರು. “ಸುಮ್ನಿರೇ, ದೊಡ್ಡೋರು ಅವ್ರು!” ಎಂದು ಮುನಿರಾಮಪ್ಪ ಗದರುವಷ್ಟರಲ್ಲಿ ಅವಳು ಸುಣ್ಣದ ಎಲೆ ಕಿತ್ತೆಸೆದು, ಎಲೆಯಡಿಕೆ ತಟ್ಟೆಯಿಂದ ಬರೀ ಎಲೆ ಎತ್ತಿ ಇಟ್ಟಳು. ಅದು ಮೇಲೆದ್ದ ರಭಸಕ್ಕೆ ಹುಣಸೆಮರದ ಕಾಗೆಗಳು ಮಾಸ್ತಿಯವರೆಗೂ ಹಿಂದಿರುಗಿ ನೋಡದೆ ಹಾರಿದವು. ಜೊತೆಗೆ ಬಂದ ಕರೀ ಎಣ್ಣೆ ದೊಡ್ಡನಾರಾಯಣಪ್ಪನ ಮುಖದ ಮೇಲೆ ಕೂತಿತು.

ಬೇರೆಯವನಾಗಿದ್ದರೆ ಊರು ಬಿಡುತ್ತಿದ್ದ. ಇವನು ಮೀಸೆ ಒರೆಸಿಕೊಂಡು, “ಏನ್ ಶಕ್ತಿ ಗುರೂ! ಒಳಗೆ ಹಿಡೀಲಾರ್ದೆ ಹೊರಗೆ ಬರ್ತೈತೆ!” ಎಂದ.

ಮುನಿರಾಮಪ್ಪ ತಲೆದೂಗಿದ. “ಹೌದು ಕಣೇ, ಶಕ್ತಿ ಐತೆ.”

“ಐತಲ್ಲ, ಅದರಾಗೇ ಬಾ,” ಎಂದು ಭಾರತಮ್ಮ ಎತ್ತುಗಳನ್ನು ಮನೆ ಕಡೆ ತಿರುಗಿಸಿದಳು.

ಅವನು ಜೀಪನ್ನೊಮ್ಮೆ, ದೂರವಾಗುತ್ತಿದ್ದ ಬಾಲಗಳನ್ನೊಮ್ಮೆ ನೋಡಿ, ಚಪ್ಪಲಿ ಕೈಗೆತ್ತಿಕೊಂಡು ಬಾಲಗಳ ಹಿಂದೆ ಓಡಿದ.

ದೊಡ್ಡನಾರಾಯಣಪ್ಪ ಎಲೆ ಇಡುವುದನ್ನೇನೂ ಬಿಡಲಿಲ್ಲ. ಪರೀಕ್ಷೆಯ ಹೊತ್ತಿಗೆ ಹೆಂಗಸರು ಅಂಗಳಕ್ಕೆ ಬರಕೂಡದೆಂದು ಮಾತ್ರ ಕಟ್ಟಳೆ ಮಾಡಿದ. ಎಂಜಿನ್ನಿಗೆ ದೃಷ್ಟಿ ತಾಕುತ್ತದಂತೆ. ಗಂಡಸರೆಲ್ಲ ಒಪ್ಪಿದರು.