ಮೂರನೆಯ ಕೂಗು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅದನ್ನು ದೊಡ್ಡಸ್ತಿಕೆಯಂತೆ ಹೇಳಿಕೊಂಡು ತಿರುಗಿದ ಕಾಲವೂ ಒಂದಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ರಿಪ್ಪನ್‌ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದೆ. ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಜೊತೆಯ ಮೇಷ್ಟ್ರುಗಳು ನನ್ನನ್ನು ಕಂಡರೆ ಪಕ್ಕದ ಬಾಗಿಲು ಹಿಡಿಯುತ್ತಿದ್ದರು. ನನ್ನ ಬಾಯಿಗೆ ಹೆದರದೆ ಉಳಿದಿದ್ದವನು ಒಬ್ಬನೇ ಒಬ್ಬ, ತೀರ್ಥಹಳ್ಳಿ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ. ಕವಲೇದುರ್ಗದ ಬುಡದ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿದ್ದ.

ನಾನು ರೇಗಿದರೆ ಅವನು ನಗುತ್ತಿದ್ದ. "ನಿಂದು ಒಗ್ಗರಣೆ ಸಿಟ್ಟು ಮಾರಾಯ. ಚಟಪಟ ಅಂತು, ಮುಗೀತು" ಎನ್ನುತ್ತಿದ್ದ. ಅವನೊಬ್ಬ ಹೋದರೆ ನನಗೆ ಯಾರೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ವರ್ಷಕ್ಕೊಮ್ಮೆ, ಗದ್ದೆ ಕೊಯ್ಲು ಮುಗಿದು ನನ್ನ ಶಾಲೆಗೂ ರಜೆ ಬಿದ್ದಾಗ, ಇಬ್ಬರೂ ನಡೆಯಲು ಹೊರಡುತ್ತಿದ್ದೆವು. ಕಾಡಿನಲ್ಲಿ ಒಬ್ಬರಿಗೊಬ್ಬರು ತಪ್ಪಿದರೆ ಕೂ ಹಾಕುವುದು. ನಮ್ಮ ಕಡೆ ಮನೆಗೂ ಮನೆಗೂ ಅರ್ಧ ಮೈಲಿ. ಯಾರಾದರೂ ದೂರದಿಂದ "ಕೂ" ಎಂದರೆ ಕೇಳಿಸಿಕೊಂಡವರು "ಓ" ಎನ್ನಲೇಬೇಕು. ಸಾಲದ ಜಗಳವಿರಲಿ, ಬೇಲಿ ಜಗಳವಿರಲಿ, ಓಗೊಡದವನು ಮನುಷ್ಯನೇ ಅಲ್ಲ. ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಮಾತ್ರ ಒಂದು ಕಟ್ಟಳೆ ಇದೆ. ಮೊದಲೆರಡು ಕೂಗಿಗೆ ಸುಮ್ಮನಿದ್ದು ಮೂರನೆಯದಕ್ಕೆ ಓಗೊಡಬೇಕು. ಪೀಡೆ ಪಿಶಾಚಿಗಳು ಎರಡಕ್ಕಿಂತ ಹೆಚ್ಚು ಕೂಗುವುದಿಲ್ಲವಂತೆ.

ಆ ವರ್ಷ ಸಮುದ್ರದ ಅಂಚಿನಲ್ಲೇ ನಡೆಯೋಣ ಎಂದವನು ನಾನು. ಹುಲಿಕಲ್ ಘಾಟಿ ಇಳಿದು, ಬಸ್ಸು ಬದಲಿಸಿ, ಬೈಂದೂರಿನ ಹತ್ತಿರ ರಾತ್ರಿ ತಂಗಿ, ಬೆಳಿಗ್ಗೆ ಆರಕ್ಕೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಹೊರಟೆವು. ಹೊರೆ ಹಂಚಿಕೊಂಡಿದ್ದೆವು. ಅಕ್ಕಿ, ಸಿಲಾವರದ ಪಾತ್ರೆ, ಮಿಡಿ ಉಪ್ಪಿನಕಾಯಿಯ ಭರಣಿ ಅವನ ಚೀಲದಲ್ಲಿ. ಟಾರ್ಪಾಲು, ಕಂಬಳಿ, ಬೆಂಕಿಪೊಟ್ಟಣ ನನ್ನದರಲ್ಲಿ. ಬೆಳಗಿನ ಹೊತ್ತು ಒದ್ದೆ ಮರಳು ಗಟ್ಟಿಯಾಗಿದ್ದು ಕಾಲಿಗೆ ಹಿತವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನೀರಂಚಿನಲ್ಲಿ ಬಂಡೆಗಳು ಎದುರಾಗಿ ಮೇಲಿನ ಒಣಮರಳಿಗೆ ಹತ್ತಬೇಕಾಯಿತು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ. ಚಪ್ಪಲಿಯ ಬಾರು ಕಿತ್ತು ನನ್ನ ಹಿಮ್ಮಡಿ ಸುಲಿಯಿತು. ಅವನೋ, ಬರಿಗಾಲಲ್ಲಿ ಏನೋ ಗುನುಗುತ್ತ ಮುಂದೆ ಮುಂದೆ. ಅದಕ್ಕೂ ನನಗೆ ಉರಿ.

ನಾಲ್ಕು ಗಂಟೆಗೆ ಒಂದು ಅಳಿವೆ ಅಡ್ಡ ಬಂತು. ಹೊಳೆ ಕಡಲಿಗೆ ಸೇರುವ ಜಾಗ. ಅಗಲ ಹೆಚ್ಚಿರಲಿಲ್ಲ. ಆಚೆ ದಡದಲ್ಲಿ ಒಂದು ಗುಡಿಸಲು. ಅಲ್ಲಿನ ದೋಣಿಯವರೊಬ್ಬರು ನಮ್ಮನ್ನು ಕಂಡು ಈಚೆ ಬಂದರು.

"ದೋಣಿ ಎಂತಕ್ಕೆ? ಸೊಂಟದುದ್ದ ನೀರು. ಒಂದು ಗಂಟೆ ಕೂತ್ರೆ ತೊಡೆಗಿಳಿಯುತ್ತೆ, ನಡೆದೇ ದಾಟೋಣ" ಎಂದೆ.

ನಾನು ಕಂಡ ಹೊಳೆಗಳೆಲ್ಲ ಹಾಗೆಯೇ. ಪುಷ್ಯ ಮಾಸದಲ್ಲಿ ನೀರು ಇಳಿಯುವುದುಂಟೇ ಹೊರತು ಏರುವುದುಂಟೇ? ದೋಣಿಯವರು ನಕ್ಕರು. "ನೀವ್ ಘಟ್ಟದ್ ಮೇಲಿನರಾ? ಇದ್ ಕಡ್ಲ್ ನೀರ್ ಮಾರಾಯ್ರೆ. ಈಗ ಏರು ಹೊತ್ತ್."

ಗೆಳೆಯ ಆಗಲೇ ದೋಣಿಗೆ ಚೀಲ ಇಟ್ಟಿದ್ದ. "ಅವರ ನೀರು, ಅವರಿಗೆ ಗೊತ್ತಿರುತ್ತೆ. ಬಾ ಮಾರಾಯ" ಎಂದ.

ಅವರಿಬ್ಬರೂ ಒಂದಾಗಿ ನನ್ನನ್ನು ದಡ್ಡನನ್ನಾಗಿ ಮಾಡಿದಂತೆ ನನಗನ್ನಿಸಿತು. ಹಿಮ್ಮಡಿಯ ಉರಿಯೂ ಸೇರಿತೋ ಏನೋ. "ನೀನು ಹೋಗು. ನೀರು ಕಂಡ್ರೆ ನಡುಗೋ ಹೇಡಿ ನೀನು. ಅವತ್ತು ದಡದ ಮೇಲೆ ನಿಂತು ತಮ್ಮನ್ನ ಬಿಟ್ಟೆಯಲ್ಲ, ಹಾಗೇ" ಎಂದುಬಿಟ್ಟೆ.

ಅವನ ತಮ್ಮ ತುಂಗೆಯಲ್ಲಿ ಮುಳುಗಿ ಹೋಗಿದ್ದ. ಇವನಿಗಾಗ ಹನ್ನೊಂದು ವರ್ಷ, ಈಜು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಒಂದು ದಿನ ನನಗೊಬ್ಬನಿಗೆ ಹೇಳಿಕೊಂಡಿದ್ದ ಸಂಗತಿ ಅದು. ಥೂ, ನನ್ನ ನಾಲಿಗೆ! ಈ ಸಲ ಅವನು ನಗಲಿಲ್ಲ. ದೋಣಿ ಹತ್ತಿದ.

ನಾನು ಈಚೆಯೇ ಕೂತೆ. ನೀರು ಇಳಿಯಲಿಲ್ಲ. ಹೊಳೆಯಂಚಿನ ಮರಳಿನಲ್ಲಿ ಟಾರ್ಪಾಲು ಕಟ್ಟಿದ್ದೆ. ನೀರು ಬುಡಕ್ಕೆ ಬಂತು. ಬಿಚ್ಚಿ ಮೇಲೆಳೆದು ಕಟ್ಟಿದೆ, ಅಲ್ಲಿಗೂ ಬಂತು. ಆಚೆಯಿಂದ ಅವನು ನೋಡುತ್ತಿದ್ದಾನೆ ಎಂದು ನಾಚಿಕೆಯಾಗಿ ಇನ್ನಷ್ಟು ಹಟ ಹಿಡಿದೆ. ಬೆಂಕಿ ಹಾಕಿ ಅದರ ಮುಂದೆ ಬರಿಗೈಯಲ್ಲಿ ಕೂತೆ. ಅಕ್ಕಿ ಅವನ ಹತ್ತಿರ. ಹೊದೆಯುವ ಕಂಬಳಿ, ಅವನದೂ ಸೇರಿ, ನನ್ನ ಹತ್ತಿರ.

ಸೂರ್ಯ ಮುಳುಗಿ, ಗುಡಿಸಲಿನಲ್ಲಿ ದೀಪ ಕಂಡಿತು. ಆಗ ಆಚೆಯಿಂದ ಬಂತು: "ಕೂ..."

ಅವನ ದನಿ. ಸಾವಿರ ಜನರ ನಡುವೆಯೂ ಗುರುತು ಹಿಡಿಯುತ್ತಿದ್ದೆ. ಎದೆ ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಬಾಯಿ ಬಿಡಲಿಲ್ಲ. ದೀಪ ಹಚ್ಚಿ ಆಯಿತಲ್ಲ, ಮೂರನೆಯದಕ್ಕೆ ಓಗೊಟ್ಟರಾಯಿತು ಎಂದುಕೊಂಡೆ. ನಂಬಿಕೆಯಲ್ಲ, ಬರೀ ಬಿಗುಮಾನ. ಇನ್ನಷ್ಟು ಕರೆಸಿಕೊಳ್ಳುವ ಆಸೆ.

ಎರಡನೆಯದು ಬಂತು. ಮೊದಲನೆಯದಕ್ಕಿಂತ ಉದ್ದ.

ನಾನು ಎದ್ದು ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕಾದೆ. ಅಲೆಯ ಸದ್ದು ಬಿಟ್ಟರೆ ಏನೂ ಇಲ್ಲ. ಮೂರನೆಯದು ಬರಲಿಲ್ಲ. ನಾನೇ ಕೂಗಬಹುದಿತ್ತು. ಬೆಂಕಿ ಆರುವವರೆಗೂ ನಿಂತಿದ್ದು ಮಲಗಿದೆ.

ಬೆಳಿಗ್ಗೆ ದೋಣಿ ಬಂತು. ಅವನು ಅದರಲ್ಲಿರಲಿಲ್ಲ.

"ಅವ್ರ್ ಫಸ್ಟ್ ಬಸ್ಸಿಗೆ ಹೋದ್ರ್" ಎಂದರು ದೋಣಿಯವರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಮ್ಮನೆಗ್ ಉಂಬುಕ್ ಕರ್ದೆ, ಬರ್ಲಿಲ್ಲ. ಅವ ಉಣ್ದೆ ಕೂತಿದ್ದಾನೆ ಅಂದ್ರ್. ಸೊಂಟದ್ ತನಕ ನೀರಗ್ ಇಳ್ದ್ ನಿಂತ್ ಕೂಗ್ದ್ರಲ್ಲೆ, ನಿಮ್ಗ್ ಕೇಣ್ಲಿಲ್ಯಾ?"

ಸೊಂಟದವರೆಗೆ ನೀರಿಗಿಳಿದು. ಅವನು.

"ಕೇಳಿಸಲಿಲ್ಲ" ಎಂದೆ. ಅದು ನಾನು ಹೇಳಿದ ಎರಡನೆಯ ಕೆಟ್ಟ ಮಾತು.

ದೋಣಿಯಲ್ಲಿ ಒಂದು ಟವೆಲಿನ ಗಂಟಿತ್ತು. ನನಗೆಂದು ಬಿಟ್ಟುಹೋದದ್ದು. ಬಿಚ್ಚಿದರೆ ಅಕ್ಕಿ, ಸರಿಯಾಗಿ ಅರ್ಧ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವ ದಿನ ಮೊದಲು ಅಕ್ಕಿಯನ್ನೇ ಎರಡು ಮಾಡುವುದು. ಆಮೇಲೆ ಒಲೆ ಬೇರೆ, ಮಾತು ಬೇರೆ. ನಾನು ಆ ಗಂಟು ಹಿಡಿದುಕೊಂಡು ದೋಣಿಯಲ್ಲಿ ಕೂತು ಅತ್ತೆ. ದೋಣಿಯವರು ಹುಟ್ಟು ಹಾಕುತ್ತ ಬೇರೆ ಕಡೆ ನೋಡಿದರು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ? ಕಾಗದ ಬರೆಯಲು ಎಷ್ಟೋ ಸಲ ಕೂತೆ, ಹರಿದು ಹಾಕಿದೆ. ಅವನ ಮದುವೆಯಾದದ್ದು ಬೇರೆಯವರಿಂದ ತಿಳಿಯಿತು. ನನಗೆ ಸಾಗರಕ್ಕೆ ವರ್ಗವಾಯಿತು. ಅಲ್ಲೂ ಒಂದು ಕೋಣೆ, ಅಲ್ಲೂ ಒಬ್ಬನೇ. ಚಳಿಗಾಲದ ರಜೆ ಬಂದರೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಎಂಟು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆ ತೀರ್ಥಹಳ್ಳಿಗೆ ಹೋದವನು, ಧೈರ್ಯ ಮಾಡಿ ಅವನ ಊರಿನ ಬಸ್ಸು ಹತ್ತಿದೆ. ಬಸ್ಸು ತಡವಾಗಿ, ಗದ್ದೆಯಂಚು ದಾಟಿ ಅವನ ಬೇಲಿಯ ಬಳಿ ಬರುವಾಗ ಒಳಗೆ ದೀಪ ಹಚ್ಚಿದ್ದರು. ಮನೆಯ ಹಿಂದೆ ಕೊಡಲಿಯ ಸದ್ದು, ಬಚ್ಚಲ ಒಲೆಗೆ ಸೌದೆ ಒಡೆಯುತ್ತಿದ್ದ. ಏಟಿಗೊಮ್ಮೆ ಅವನು "ಹುಂ" ಎನ್ನುವುದೂ ಕೇಳಿಸುತ್ತಿತ್ತು.

"ಕೂ..." ಎಂದೆ. ಕೊಡಲಿ ನಿಲ್ಲಲಿಲ್ಲ.

ಇನ್ನೊಮ್ಮೆ ಕೂಗಿದೆ. ಕೊಡಲಿ ನಿಂತಿತು.

ಗುರುತು ಸಿಕ್ಕಿದೆ, ಮೂರನೆಯದಕ್ಕೆ ಕಾಯುತ್ತಿದ್ದಾನೆ ಎಂದು ನನಗೆ ತಿಳಿಯಿತು. ಬಾಯಿಗೆ ಕೈ ಅಡ್ಡ ಹಿಡಿದೆ. ಉಸಿರು ಎಳೆದುಕೊಂಡೆ. ಎರಡು ಸಲ ಕರೆದು ಉತ್ತರ ಸಿಗದವನಿಗೆ ಮೂರನೆಯ ಸಲ ಕರೆಯುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಕೂಗದೆಯೇ ಕೈ ಇಳಿಸಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ.

ಹಿತ್ತಲಿನಲ್ಲಿ ಕೊಡಲಿಯ ಸದ್ದು ಮತ್ತೆ ಶುರುವಾಯಿತು. ನಾನು ಬಂದ ದಾರಿಯಲ್ಲೇ ವಾಪಸು ನಡೆದೆ.