ಮುಗಿದ ಆಟಕ್ಕೆ ಕಟ್ಟಿದ ಬಾಜಿ

ಬೇಸ್‌ಬಾಲ್ ಮೇಲೆ ಬಾಜಿ ಕಟ್ಟುವುದನ್ನು ಅಕ್ಕನಿಗೆ ಕಲಿಸಿದವನು ನಾನೇ. ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ನಾವು ಟಿವಿಯಲ್ಲಿ ನೋಡುತ್ತಿದ್ದ ಅಮೆರಿಕದ ಆಟ ರಾತ್ರಿಯೇ ಮುಗಿದಿರುತ್ತಿತ್ತು. ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುವ ನಾನು, ಗೆದ್ದವರು ಯಾರೆಂದು ಫೋನಿನಲ್ಲಿ ನೋಡಿಕೊಂಡೇ ಡಿಡ್ಸ್‌ಬರಿಯ ಅವಳ ಮನೆಗೆ ಹೋಗುತ್ತಿದ್ದೆ.

ಅಕ್ಕ ಆಸ್ಪತ್ರೆಯ ದೊಡ್ಡ ಡಾಕ್ಟರು. ನಾನು ಹತ್ತನೆಯ ತರಗತಿಯನ್ನು ಎರಡು ಸಲ ಓದಿ ಬಿಟ್ಟವನು. ಅವಳಿಗೆ ಪಾಠ ಹೇಳುವ ಅವಕಾಶ ಜನ್ಮದಲ್ಲಿ ಸಿಕ್ಕಿದ್ದು ಅದೊಂದೇ. ಗತ್ತಿನಿಂದಲೇ ಹೇಳಿದೆ.

"ತಂಡದ ಹೆಸರು ನೋಡಿ ಮರುಳಾಗಬ್ಯಾಡ ಅಕ್ಕಾ. ಇವತ್ತ ಚೆಂಡು ಎಸ್ಯಾಂವ ಯಾರು, ಅದನ್ನ ನೋಡು. ಅವ ಬದಲಾದ್ರ ತಂಡಾನ ಬದಲಾದಂಗ."

ನಮ್ಮದು ಹಣದ ಬಾಜಿಯಲ್ಲ, ರೊಟ್ಟಿಯದು. ಎಲ್ಲರೂ ನಂಬಿದ ತಂಡದ ಮೇಲೆ ಕಟ್ಟಿ ಗೆದ್ದರೆ ಸೋತವರು ಒಂದು ಜೋಳದ ರೊಟ್ಟಿ ಬಡಿದು ಕೊಡಬೇಕು. ಯಾರೂ ನಂಬದ ತಂಡವಾದರೆ ಮೂರು. ಬಾಜಿಯ ದರವೆಂದರೆ ಇಷ್ಟೇ ಎಂದಾಗ ಅಕ್ಕನಿಗೆ ತಟ್ಟನೆ ತಿಳಿಯಿತು. ಸೋತ ಸಿಟ್ಟಿನಲ್ಲಿ ದುಪ್ಪಟ್ಟು ಕಟ್ಟಬಾರದು ಎಂದೂ ಉಪದೇಶ ಮಾಡಿದೆ, ದೊಡ್ಡ ಶರಣನ ಹಾಗೆ. ಅನುಮಾನ ಬರದಿರಲೆಂದು ಆಗೊಮ್ಮೆ ಈಗೊಮ್ಮೆ ಬೇಕೆಂದೇ ಸೋತು ಸೊಟ್ಟ ರೊಟ್ಟಿ ಬಡಿಯುತ್ತಿದ್ದೆ.

ಒಮ್ಮೆ ಅವಳು ಕೇಳಿದಳು: "ಅಲ್ಲೋ, ಅಲ್ಲಿ ಕತ್ತಲಿದ್ದಂಗ ಕಾಣ್ತದಲ್ಲ?"

"ಅಮೆರಿಕಾ ನಮಗಿಂತ ಹಿಂದ ಐತಿ. ಅಲ್ಲಿನ್ನೂ ನಸುಕು."

"ನಸುಕಿನ್ಯಾಗ ಯಾರ ಆಡ್ತಾರೋ?"

"ಬಿಸಿಲಿಗೆ ಅಂಜ್ತಾರ, ಪಾಪ."

ವಾರ್ಡಿನಲ್ಲಿ ರಾತ್ರಿಯಿಡೀ ದುಡಿದು ಬಂದಿದ್ದವಳು ಚಹಾ ಹೀರುತ್ತ ತಲೆಯಾಡಿಸಿದಳು.

ಆಮೇಲೆ ಊರಿನಿಂದ ಅವ್ವ ಬರುವುದು ನಿಶ್ಚಯವಾಯಿತು. ಮೊದಲ ತಿಂಗಳು ಯಾರ ಮನೆಯಲ್ಲಿ? ಇಬ್ಬರೂ ಪಟ್ಟು ಬಿಡಲಿಲ್ಲ. "ಬಾಜಿ ಕಟ್ಟೂಣು ಬಾ" ಎಂದವಳು ಅಕ್ಕನೇ. ಅವಳು ಎಸೆತಗಾರರ ಪೂರ್ವಾಪರ ಓದಿಕೊಂಡು, ಎಲ್ಲರೂ ಮೆಚ್ಚುವಂಥ ತಂಡವನ್ನೇ ಆರಿಸಿದಳು. ಆದರೆ ರಾತ್ರಿ ಗೆದ್ದಿದ್ದು ಬಡಪಾಯಿ ತಂಡ. ನಾನು ಅದಕ್ಕೇ ಕಟ್ಟಿದೆ.

"ಗೆದ್ದಿ ಬಿಡು" ಎಂದಳು, ಆಟ ಮುಗಿದ ಮೇಲೆ. "ಡ್ಯೂಟಿ ಪಾಳಿ ಬದಲ ಮಾಡಿಸಿ ಅವ್ವ ಬರೂ ತಿಂಗಳನ ರಜಾ ಹಾಕಿದ್ದೆ. ಆಮ್ಯಾಲ ಸಿಗೂದಿಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ.

ಅವ್ವ ನನ್ನ ಒಂದು ಕೋಣೆಯ ಮನೆಗೆ ಬಂದಳು. ಹಗಲೆಲ್ಲ ನಾನು ಮಲಗುವವನಾದ್ದರಿಂದ ಅಕ್ಕ ಸಂಜೆ ಮಾತ್ರ ಬಂದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಎಚ್ಚರವಾಗಿ ನೋಡಿದರೆ, ನನ್ನ ನಿದ್ದೆ ಕೆಟ್ಟೀತೆಂದು ಅವ್ವ ಒಲೆ ಹಚ್ಚದೆ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ತಣ್ಣನೆಯ ಹಾಲಿನಲ್ಲಿ ಬ್ರೆಡ್ ಅದ್ದಿ ತಿನ್ನುತ್ತಿದ್ದಳು.

"ನನ್ನ ಎಬ್ಬಿಸಬಾರದೇನವಾ?"

"ಮಲಕೋ ಮಲಕೋ. ನಾ ಗ್ವಾಡಿ ಕೂಡ ಮಾತಾಡಕೋಂತ ಕುಂತೀನಿ. ನಿನಗಿಂತ ಛಲೋ ಕೇಳತೈತಿ."

ನಗು ಬಂತು, ಆದರೆ ನಗಲಾಗಲಿಲ್ಲ. ಅವಳ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟು, ಅವಳನ್ನೂ ಕೂರಿಸಿಕೊಂಡು ಡಿಡ್ಸ್‌ಬರಿಗೆ ಹೊರಟೆ. ಬಾಗಿಲು ತೆರೆದ ಅಕ್ಕ ಪೆಟ್ಟಿಗೆ ನೋಡಿ ಗಾಬರಿಯಾದಳು. "ಏನಾತೋ?"

"ನೀ ಬಾಜಿ ಕಟ್ಟೂಕಿಂತ ಮೊದ್ಲ ಆ ಆಟ ಮುಗದಿತ್ತು ಅಕ್ಕಾ. ಯಾರು ಗೆದ್ದಾರ ಅಂತ ನೋಡಕೊಂಡ ಬಂದು ನಿನ್ನ ಕೂಡ ಕಟ್ಟಿದೆ. ಪ್ರತಿ ಸಲಾನೂ. ಈ ತಿಂಗಳ ಅವ್ವ ನಿನ್ನ ಹತ್ರ ಇರಬೇಕಾಗಿತ್ತು. ನಂದು ತಪ್ಪಾತು, ಕ್ಷಮಾ ಮಾಡು."